ಜಾತಕ ಸ್ವಭಾವವನ್ನು ಹೇಳುತ್ತದೆಯೇ? ಕಾಲೇಜಿನಲ್ಲೇ ನಡೆಸಬಹುದಾದ ಒಂದು ಪರೀಕ್ಷೆ

ಜ್ಯೋತಿಷ್ಯದ ಹೇಳಿಕೆಗಳಲ್ಲಿ ಕೆಲವನ್ನು ಪರೀಕ್ಷಿಸಬೇಕಾದರೆ ಬಹಳ ಕಾಲ ಕಾಯಬೇಕು. ಮದುವೆ ಯಾವ ವರ್ಷ, ವಿದೇಶಯೋಗ ಉಂಟೇ, ಆಯುಸ್ಸು ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವಷ್ಟರಲ್ಲಿ ಕೇಳಿದವರೂ ಹೇಳಿದವರೂ ಮರೆತಿರುತ್ತಾರೆ. ಸ್ವಭಾವದ ಮಾತು ಹಾಗಲ್ಲ. ಹುಟ್ಟಿದ ಗಳಿಗೆಯ ಗ್ರಹಸ್ಥಿತಿ ಮನುಷ್ಯನ ಗುಣವನ್ನು ತೋರಿಸುತ್ತದೆ ಎನ್ನುವುದಾದರೆ, ಆ ಜಾತಕವೂ ಆ ಮನುಷ್ಯನೂ ಇವತ್ತೇ ನಮ್ಮ ಮುಂದಿದ್ದಾರೆ. ಎರಡನ್ನೂ ಹೋಲಿಸಿ ನೋಡಲು ಒಂದು ಸೆಮಿಸ್ಟರ್, 60 ಮಂದಿ ವಿದ್ಯಾರ್ಥಿಗಳು, ಒಪ್ಪಿಗೆ ಕೊಟ್ಟ ಒಬ್ಬ ಜ್ಯೋತಿಷಿ ಮತ್ತು ಒಂದಷ್ಟು ಲಕೋಟೆಗಳು ಸಾಕು. ಪದವಿ ಕಾಲೇಜಿನ ವಿಜ್ಞಾನ ಸಂಘವೊಂದು ಅದನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪರೀಕ್ಷೆಯ ದಿನಕ್ಕಿಂತ ಅದಕ್ಕೆ ಮುಂಚಿನ ತಯಾರಿಯ ಬಗ್ಗೆಯೇ ಹೆಚ್ಚು ಬರೆದಿದ್ದೇನೆ, ಏಕೆಂದರೆ ಇಂಥ ಪರೀಕ್ಷೆಗಳು ಕೆಡುವುದು ಬಹುಮಟ್ಟಿಗೆ ಅಲ್ಲಿಯೇ. ಜಾತಕದಲ್ಲಿ ನಿಜವಾಗಿಯೂ ಏನಾದರೂ ಇದ್ದರೆ ಅದು ಕಾಣಿಸಿಕೊಳ್ಳಲು ಅವಕಾಶವೇ ಇಲ್ಲದಂಥ ಪರೀಕ್ಷೆ ಮಾಡಿ ‘ಸುಳ್ಳೆಂದು ಸಾಬೀತಾಯಿತು’ ಎನ್ನುವುದು, ನನ್ನ ದೃಷ್ಟಿಯಲ್ಲಿ, ಜಾತಕ ಓದಿಸಿಕೊಂಡು ‘ನೂರಕ್ಕೆ ನೂರು ಸರಿ’ ಎನ್ನುವುದಕ್ಕಿಂತ ಮೇಲಾದ ಕೆಲಸವೇನೂ ಅಲ್ಲ.

‘ಸರಿಯಾಗಿ ಹೇಳಿದರು’ ಎಂಬ ಮಾತನ್ನು ಬದಿಗಿಡಿ

ಜಾತಕದ ಫಲವನ್ನು ಓದಿಸಿ, ‘ಇದು ನಿಮಗೆ ಹೊಂದುತ್ತದೆಯೇ?’ ಎಂದು ಕೇಳುವುದು ಎಲ್ಲರಿಗೂ ಮೊದಲು ತೋಚುವ ವಿಧಾನ. ಅದು ಏಕೆ ಕೆಲಸಕ್ಕೆ ಬಾರದು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲೇ ತನ್ನ ತರಗತಿಯಲ್ಲಿ ತೋರಿಸಿದ. 39 ವಿದ್ಯಾರ್ಥಿಗಳಿಂದ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಬರೆಸಿ, ಆಮೇಲೆ ಪ್ರತಿಯೊಬ್ಬರಿಗೂ ‘ನಿನ್ನ ಫಲಿತಾಂಶ’ ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ವಾಕ್ಯಗಳನ್ನು ಆತ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿಕೊಂಡಿದ್ದ. ವಿವರಣೆ ಎಷ್ಟರಮಟ್ಟಿಗೆ ಸರಿ ಎಂಬುದಕ್ಕೆ 5ರಲ್ಲಿ ಅಂಕ ಕೊಡಿ ಎಂದಾಗ ಬಂದ ಸರಾಸರಿ 4.26. ಫ್ರಾನ್ಸಿನ ಮನೋವಿಜ್ಞಾನಿ ಮಿಶೆಲ್ ಗೋಕ್ಲಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಉಚಿತ ಜಾತಕ ಬೇಕೆಂದು ಬರೆದವರಿಗೆಲ್ಲ ಒಂದೇ ಫಲವನ್ನು ಕಳಿಸಿದ. ಅದು ಇಪ್ಪತ್ತಕ್ಕೂ ಹೆಚ್ಚು ಕೊಲೆಗಳಿಗಾಗಿ 1946ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ವೈದ್ಯ ಮಾರ್ಸೆಲ್ ಪೆಟಿಯೋನ ಜನ್ಮವಿವರದಿಂದ ತೆಗೆಸಿದ ಫಲ. ಪ್ರತಿಕ್ರಿಯೆ ಬರೆದವರಲ್ಲಿ ಶೇಕಡಾ 94ರಷ್ಟು ಮಂದಿ ಅದರಲ್ಲಿ ತಮ್ಮನ್ನೇ ಕಂಡಿದ್ದರು.

ಸಂಘದ ಮೊದಲ ಸಭೆಯಲ್ಲಿ ಫೋರರ್‌ನ ಪ್ರಯೋಗವನ್ನು ನೀವೂ ಮಾಡಿ. ಹತ್ತು ವಾಕ್ಯ ಸಾಕು: ‘ನೀವು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬೇಗ ನೊಂದುಕೊಳ್ಳುತ್ತೀರಿ’, ‘ಎಷ್ಟು ಮಾಡಿದರೂ ಹೆಸರು ಬೇರೆಯವರಿಗೆ ಹೋಗುತ್ತದೆ’, ‘ಒಬ್ಬರನ್ನು ನಂಬಿದರೆ ಪೂರ್ತಿ ನಂಬುತ್ತೀರಿ’ ಎಂಬಂಥವು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಸಲಿ ಪರೀಕ್ಷೆಯಲ್ಲಿ ಸ್ವಮೆಚ್ಚುಗೆಗೆ ಎಡೆಯಿಲ್ಲ ಏಕೆ ಎಂಬುದನ್ನು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಆದರೆ ಇದರಿಂದ ಜ್ಯೋತಿಷ್ಯ ಸುಳ್ಳೆಂದು ಸಿದ್ಧವಾಗುವುದಿಲ್ಲ. ‘ನನಗೆ ಹೊಂದಿತು’ ಎಂಬ ಸಾಕ್ಷಿ ಯಾವ ಕಡೆಗೂ ವಾಲದು ಎಂಬುದಷ್ಟೇ ಸಿದ್ಧವಾಗುತ್ತದೆ.

ಯಾವ ಹೇಳಿಕೆಯನ್ನು ಪರೀಕ್ಷಿಸುವುದು

ಪಾಶ್ಚಾತ್ಯ ಪದ್ಧತಿಯವರು ‘ನಾನು ಸಿಂಹ’ ಎಂದರೆ ಹುಟ್ಟಿದಾಗ ಸೂರ್ಯನಿದ್ದ ರಾಶಿ. ನಮ್ಮಲ್ಲಿ ‘ನನ್ನದು ಸಿಂಹ ರಾಶಿ’ ಎಂದರೆ ಚಂದ್ರನಿದ್ದ ರಾಶಿ. ಸಾಲದ್ದಕ್ಕೆ ಅವರದು ಸಾಯನ (ರಾಶಿಗಳನ್ನು ವಸಂತ ವಿಷುವದ ಬಿಂದುವಿನಿಂದ ಎಣಿಸುವುದು), ನಮ್ಮದು ನಿರಯಣ (ಸ್ಥಿರ ನಕ್ಷತ್ರಗಳಿಂದ ಎಣಿಸುವುದು). ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರವಿರುವುದರಿಂದ ಹತ್ತರಲ್ಲಿ ಎಂಟು ಮಂದಿಗೆ ಸೂರ್ಯನ ರಾಶಿಯೂ ಎರಡು ಪದ್ಧತಿಗಳಲ್ಲಿ ಬೇರೆಯಾಗುತ್ತದೆ. ಪ್ರಶ್ನಾವಳಿಯಲ್ಲಿ ಬರಿದೇ ‘ನಿಮ್ಮ ರಾಶಿ ಯಾವುದು?’ ಎಂದು ಕೇಳಿದರೆ ಬರುವ ಉತ್ತರಗಳು ಕಲಸುಮೇಲೋಗರವಾಗುತ್ತವೆ.

ರಾಶಿ ಅಥವಾ ನಕ್ಷತ್ರವನ್ನು ಕೇಳಿ, ಸ್ವಭಾವದ ಪ್ರಶ್ನೆಗಳನ್ನೂ ಕೇಳಿ, ಎರಡಕ್ಕೂ ನಂಟಿದೆಯೇ ಎಂದು ನೋಡುವ ಸಮೀಕ್ಷೆ ಸುಲಭವೆಂದು ತೋರುತ್ತದೆ. ಅದರಲ್ಲಿ ದೊಡ್ಡದೊಂದು ಗುಂಡಿಯಿದೆ. 1978ರಲ್ಲಿ ಜ್ಯೋತಿಷಿ ಜೆಫ್ ಮೇಯೋ ಜೊತೆ ಸೇರಿ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 2,324 ಮಂದಿಯ ಮಾಹಿತಿಯನ್ನು ಪರಿಶೀಲಿಸಿದಾಗ, ಜ್ಯೋತಿಷ್ಯ ಹೇಳುವಂತೆಯೇ ಬೆಸ ರಾಶಿಯವರು ಬಹಿರ್ಮುಖಿಗಳಾಗಿಯೂ ಸಮ ರಾಶಿಯವರು ಅಂತರ್ಮುಖಿಗಳಾಗಿಯೂ ತುಸು ವಾಲಿರುವುದು ಕಂಡಿತು. ಜ್ಯೋತಿಷಿಗಳಿಗೆ ಅದು ಹಬ್ಬದ ಸುದ್ದಿಯಾಯಿತು. ಆದರೆ ಮುಂದಿನ ಅಧ್ಯಯನಗಳಲ್ಲಿ, ತಮ್ಮ ರಾಶಿಯ ಗುಣಗಳ ಬಗ್ಗೆ ಏನೂ ತಿಳಿಯದವರಲ್ಲಿ ಆ ವಾಲಿಕೆ ಮಾಯವಾಗಿತ್ತು. ರಾಶಿ ಸ್ವಭಾವವನ್ನು ರೂಪಿಸಿರಲಿಲ್ಲ. ರಾಶಿಯ ಬಗ್ಗೆ ಓದಿದವರು ತಮ್ಮನ್ನು ಅದಕ್ಕೆ ತಕ್ಕಂತೆ ಬಣ್ಣಿಸಿಕೊಂಡಿದ್ದರು. ಹೀಗೆ ‘ತಿಳಿಯದವರು’ ಎಂಬ ಗುಂಪನ್ನು ಅಲ್ಲಿ ಹುಡುಕುವುದು ಸಾಧ್ಯವಿತ್ತು. ಕರ್ನಾಟಕದಲ್ಲಿ ಅದು ಕಷ್ಟ. ದೇವಸ್ಥಾನದಲ್ಲಿ ಅರ್ಚನೆ ಚೀಟಿ ಬರೆಸುವಾಗ ಹೆಸರಿನ ಜೊತೆಗೆ ನಕ್ಷತ್ರ, ರಾಶಿಗಳನ್ನು ಹೇಳಿ ಹೇಳಿ ಹತ್ತು ವರ್ಷದ ಮಗುವಿಗೂ ತನ್ನದು ಯಾವುದೆಂದು ಬಾಯಿಪಾಠವಾಗಿರುತ್ತದೆ, ‘ಅವಳದು ಮಘಾ ಅಲ್ಲವೇ, ಅದಕ್ಕೇ ಆ ಹಠ’ ಎಂಬ ಮಾತು ಮನೆಯಲ್ಲೇ ಕಿವಿಗೆ ಬಿದ್ದಿರುತ್ತದೆ.

ಸೂರ್ಯರಾಶಿಗೆ ಇನ್ನೊಂದು ತೊಡಕಿದೆ. ಅದು ಹುಟ್ಟಿದ ತಿಂಗಳಿಗೆ ಅಂಟಿಕೊಂಡಿದೆ. ಹುಟ್ಟಿದ ತಿಂಗಳು ಶಾಲೆಗೆ ಸೇರಿದಾಗಿನ ವಯಸ್ಸಿಗೆ ಅಂಟಿಕೊಂಡಿದೆ. ಜೂನ್ 1ಕ್ಕೆ ವಯಸ್ಸನ್ನು ಲೆಕ್ಕ ಹಾಕುವ ಕಡೆ ಜೂನ್‌ನಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಹಿರಿಯದಾಗುತ್ತದೆ, ಮೇ ತಿಂಗಳದ್ದು ಕಿರಿಯದಾಗುತ್ತದೆ. ಧೈರ್ಯ, ಮುಂದಾಳುತನಗಳಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಆಕಾಶವನ್ನು ನೋಡಬೇಕಾಗಿಯೇ ಇಲ್ಲ. ಚಂದ್ರ ಮಾತ್ರ 27 ನಕ್ಷತ್ರಗಳನ್ನು ಸುಮಾರು 27.3 ದಿನಗಳಲ್ಲಿ ಸುತ್ತಿ ಮುಗಿಸುವುದರಿಂದ ಪ್ರತಿ ನಕ್ಷತ್ರದಲ್ಲೂ ಎಲ್ಲ ಋತುಗಳ ಮಕ್ಕಳೂ ಹುಟ್ಟಿರುತ್ತಾರೆ. ಪರೀಕ್ಷಕನ ದೃಷ್ಟಿಯಿಂದ ನೋಡಿದರೆ ನಮ್ಮ ಚಾಂದ್ರ ಪದ್ಧತಿ ಪಾಶ್ಚಾತ್ಯ ಸೂರ್ಯರಾಶಿಗಿಂತ ಶುದ್ಧವಾದ ಪ್ರಶ್ನೆಯನ್ನು ಒಡ್ಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು, ‘ಜ್ಯೋತಿಷ್ಯ ಎಂದರೆ ಬರೀ ರಾಶಿಯಲ್ಲ, ಇಡೀ ಕುಂಡಲಿಯನ್ನು ನೋಡಬೇಕು’ ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ಸಮೀಕ್ಷೆಯನ್ನು ಬಿಟ್ಟು, ಜ್ಯೋತಿಷಿಯೇ ಇಡೀ ಜಾತಕವನ್ನು ನೋಡಿ ವ್ಯಕ್ತಿಯನ್ನು ಗುರುತಿಸುವ ಜೋಡಣೆಯ ಪರೀಕ್ಷೆಯನ್ನೇ ಆರಿಸಿಕೊಳ್ಳಿ. ಇದಕ್ಕೆ ಹೆಸರಾದ ಮಾದರಿ, ಶಾನ್ ಕಾರ್ಲ್ಸನ್ 1985ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಡಬಲ್ ಬ್ಲೈಂಡ್ ಪರೀಕ್ಷೆ, ಎಂದರೆ ಉತ್ತರಿಸುವವರಿಗೂ ನಡೆಸುವವರಿಗೂ ಸರಿಯುತ್ತರ ತಿಳಿಯದಂತೆ ಮಾಡಿದ ಪರೀಕ್ಷೆ. ಅದರಲ್ಲಿ 28 ಜ್ಯೋತಿಷಿಗಳಿದ್ದರು. ಪ್ರತಿ ಜಾತಕದ ಜೊತೆಗೆ ಮೂವರ ವ್ಯಕ್ತಿತ್ವ ವಿವರಗಳನ್ನು ಕೊಟ್ಟು, ಜಾತಕದವರ ವಿವರ ಯಾವುದೆಂದು ಹೇಳಲು ಕೇಳಲಾಗಿತ್ತು. ಕನಿಷ್ಠ ಅರ್ಧದಷ್ಟು ಸರಿಯಾಗಿ ಹೇಳುತ್ತೇವೆ ಎಂದಿದ್ದರು. ಬಂದದ್ದು ಸುಮಾರು ಮೂರರಲ್ಲೊಂದು, ಎಂದರೆ ಕಣ್ಣು ಮುಚ್ಚಿ ಚೀಟಿ ಎತ್ತಿದರೂ ಬರುವಷ್ಟೇ.

ಜ್ಯೋತಿಷಿಯ ಜೊತೆ ಒಪ್ಪಂದ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರಿಶೀಲಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದಾಗ, ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಸಮಿತಿಯ ಉದ್ದೇಶದ ಬಗ್ಗೆ ನನಗೆ ಗೌರವವಿದೆ, ಆದರೆ ಸಾರ್ವಜನಿಕ ಸವಾಲಿನ ದಾರಿಯಲ್ಲಿ ಪರೀಕ್ಷೆ ನಡೆಯುವುದಕ್ಕಿಂತ ವಾಗ್ವಾದ ನಡೆಯುವುದೇ ಹೆಚ್ಚು. ನಿಮಗೆ ಬೇಕಾದದ್ದು ತನ್ನ ವಿದ್ಯೆಯಲ್ಲಿ ನಂಬಿಕೆಯಿರುವ, ನಿಮ್ಮ ಕುತೂಹಲದಲ್ಲಿ ಪಾಲುಗೊಳ್ಳಬಲ್ಲ ಒಬ್ಬ ಅನುಭವಿ. ಅವರ ಮನೆಗೆ ಹೋಗಿ, ಏನು ಮಾಡಬೇಕೆಂದಿದ್ದೀರೋ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಒಂದು ಜಾತಕಕ್ಕೆ 20 ನಿಮಿಷವೆಂದರೂ 60ಕ್ಕೆ 20 ಗಂಟೆಯ ಕೆಲಸ. ಅವರ ದಕ್ಷಿಣೆಯನ್ನು ಮೊದಲೇ ಗೊತ್ತುಮಾಡಿ, ಫಲಿತಾಂಶ ಏನೇ ಬಂದರೂ ಅದನ್ನು ಕೊಡಿ.

ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಅದರಲ್ಲಿ ಇರಬೇಕಾದ ಮೊದಲ ಸಂಗತಿ ಅಯನಾಂಶ, ಎಂದರೆ ಸಾಯನಕ್ಕೂ ನಿರಯಣಕ್ಕೂ ನಡುವೆ ಹಿಡಿಯುವ ಅಂತರ. ಹೆಚ್ಚಿನವರು ಲಾಹಿರಿ ಅಯನಾಂಶವನ್ನು ಬಳಸುತ್ತಾರೆ, ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶವನ್ನು ಅನುಸರಿಸುವವರೂ ಇದ್ದಾರೆ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಒಂದು ನಕ್ಷತ್ರದ ವ್ಯಾಪ್ತಿ 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ) ಮಾತ್ರವಾದ್ದರಿಂದ, ಹೆಚ್ಚುಕಡಿಮೆ ಒಂಬತ್ತರಲ್ಲಿ ಒಬ್ಬರಿಗೆ ಜನ್ಮನಕ್ಷತ್ರವೇ ಬೇರೆಯಾಗಿಬಿಡುತ್ತದೆ. ಇದನ್ನು ಮೊದಲೇ ತೀರ್ಮಾನಿಸದಿದ್ದರೆ, ಫಲಿತಾಂಶ ಬಂದ ಮೇಲೆ ‘ಬೇರೆ ಅಯನಾಂಶದಲ್ಲಿ ನೋಡಬೇಕಿತ್ತು’ ಎಂಬ ಮಾತು ಬಂದೇ ಬರುತ್ತದೆ, ಅದಕ್ಕೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಹಾಗೆಯೇ ಯಾವ ಗುಣಗಳನ್ನು ಅವರು ವಿಶ್ವಾಸದಿಂದ ಹೇಳಬಲ್ಲರು ಎಂದು ಕೇಳಿ ಬರೆದುಕೊಳ್ಳಿ. ಚಂದ್ರನಿಂದ ಮನಸ್ಸಿನ ಸ್ಥಿರತೆ, ಬುಧನಿಂದ ಮಾತುಗಾರಿಕೆ, ಕುಜನಿಂದ ಧೈರ್ಯ ಮತ್ತು ಸಿಟ್ಟು ಎಂದು ಅವರು ಹೇಳಿದರೆ, ನಿಮ್ಮ ಸ್ವಭಾವ ವಿವರಗಳಲ್ಲಿ ಆ ವಿಷಯಗಳು ಇರಲೇಬೇಕು. ಅವರು ನೋಡಲಾಗದೆಂದ ಗುಣವನ್ನು ಕೊಟ್ಟು ಸೋಲಿಸುವುದರಲ್ಲಿ ಹುರುಳಿಲ್ಲ. ಖಾಲಿ ಬಿಟ್ಟ ಉತ್ತರವನ್ನು ತಪ್ಪೆಂದು ಎಣಿಸಬೇಕೇ, ಎಷ್ಟು ಸರಿಯಾದರೆ ಗೆಲುವು, ಮಧ್ಯದಲ್ಲಿ ಬಿಟ್ಟುಹೋದರೆ ಏನು ಪ್ರಕಟಿಸಬೇಕು ಎಂಬುದೂ ಅದೇ ಹಾಳೆಯಲ್ಲಿರಲಿ. ಕೊನೆಗೆ, ‘ನಿಮ್ಮ ಅಂದಾಜಿನಲ್ಲಿ 60ಕ್ಕೆ ಎಷ್ಟು ಸರಿ ಬರಬಹುದು?’ ಎಂದು ಕೇಳಿ, ಅವರು ಹೇಳಿದ ಸಂಖ್ಯೆಯನ್ನು ಬರೆಸಿ ಸಹಿ ಹಾಕಿಸಿ.

ಜನ್ಮವಿವರ

ಜನನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ದಿನಾಂಕವಷ್ಟೇ ಇರುತ್ತದೆ. ವೇಳೆ ಬೇಕಾದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡನ್ನೋ ಹುಟ್ಟಿದಾಗ ಬರೆಸಿದ ಜಾತಕದ ಪುಸ್ತಕವನ್ನೋ ನೋಡಬೇಕು. ‘ಅಮ್ಮನ ನೆನಪು’ ಎಂಬ ಆಧಾರವನ್ನು ಸ್ವೀಕರಿಸಬೇಡಿ. ಲಗ್ನ, ಎಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ, ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಕಾಲು ಗಂಟೆಯ ತಪ್ಪಿಗೆ ಎಂಟರಲ್ಲಿ ಒಬ್ಬರ ಲಗ್ನ ಕೆಡುತ್ತದೆ. ರಾಶಿಯನ್ನು ಒಂಬತ್ತು ಭಾಗ ಮಾಡಿ ನೋಡುವ ನವಾಂಶ ಲಗ್ನವಂತೂ ಸುಮಾರು 13 ನಿಮಿಷಕ್ಕೇ ಬದಲಾಗುತ್ತದೆ. ಮಧ್ಯರಾತ್ರಿಯ ನಂತರ, ಸೂರ್ಯೋದಯಕ್ಕೆ ಮುಂಚೆ ಹುಟ್ಟಿದವರ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಪಂಚಾಂಗದ ವಾರ ಸೂರ್ಯೋದಯದಿಂದ ಶುರುವಾಗುವುದರಿಂದ, ಭಾನುವಾರ ಬೆಳಗಿನ ಜಾವ 2 ಗಂಟೆಯ ಜನನವನ್ನು ಮನೆಯವರು ‘ಶನಿವಾರ ರಾತ್ರಿ’ ಎಂದು ಬರೆಸಿರುತ್ತಾರೆ, ದಿನಾಂಕವೂ ಒಂದು ದಿನ ಹಿಂದಕ್ಕೆ ಜಾರಿರುತ್ತದೆ. ಅಧ್ಯಾಪಕರನ್ನೂ ಸೇರಿಸಿಕೊಳ್ಳುವ ಯೋಚನೆಯಿದ್ದರೆ, ಶಾಲೆಗೆ ಸೇರಿಸುವಾಗ ಮೇಷ್ಟ್ರೇ ‘ಜೂನ್ 1’ ಎಂದು ಬರೆದುಕೊಂಡ ಜನ್ಮದಿನಗಳು ಹಿರಿಯರಲ್ಲಿ ಎಷ್ಟಿವೆ ಎಂಬುದನ್ನು ನೆನೆಯಿರಿ. 18ರಿಂದ 21 ವರ್ಷದ ವಿದ್ಯಾರ್ಥಿಗಳಷ್ಟೇ ಸಾಕು. ವಯಸ್ಸನ್ನು ಹೀಗೆ ಬಿಗಿಮಾಡುವುದಕ್ಕೆ ಇನ್ನೂ ಮುಖ್ಯವಾದ ಕಾರಣವೊಂದಿದೆ, ಅದು ಮುಂದೆ ಬರುತ್ತದೆ.

ಸ್ವಭಾವದ ವಿವರವನ್ನು ಬರೆಯುವುದು

ಇಡೀ ಕೆಲಸದಲ್ಲಿ ಅತ್ಯಂತ ಶ್ರಮದ ಭಾಗ ಇದು. ಕಾರ್ಲ್ಸನ್‌ನ ಪರೀಕ್ಷೆ ಸಡಿಲವಾಗಿದ್ದದ್ದೂ ಇಲ್ಲಿಯೇ. ಆತ ಬಳಸಿದ್ದು ಕ್ಯಾಲಿಫೋರ್ನಿಯಾ ಸೈಕಲಾಜಿಕಲ್ ಇನ್ವೆಂಟರಿ ಎಂಬ, ಚೆನ್ನಾಗಿ ಪಳಗಿದ ವ್ಯಕ್ತಿತ್ವ ಪರೀಕ್ಷೆ. ಆದರೆ ಮೂರು ವಿವರಗಳ ನಡುವೆ ತಮ್ಮದನ್ನು ಆರಿಸಿ ಎಂದಾಗ, ಅದರಲ್ಲಿ ಪಾಲ್ಗೊಂಡ ವ್ಯಕ್ತಿಗಳಿಗೇ ಅದು ಆಗಲಿಲ್ಲ. ತನ್ನ ಚಿತ್ರವನ್ನು ತಾನೇ ಗುರುತಿಸಲಾಗದ ಕಡೆ ಜ್ಯೋತಿಷಿ ಗುರುತಿಸಬೇಕಿತ್ತು ಎನ್ನುವುದು ಸ್ವಲ್ಪ ದುಬಾರಿ ನಿರೀಕ್ಷೆಯೇ. ಈ ಕೊರತೆಯನ್ನು ನೀವು ತುಂಬಿಕೊಳ್ಳಬಹುದು.

ಪ್ರಶ್ನೆಗಳಿಗೆ ದುಡ್ಡು ತೆರಬೇಕಿಲ್ಲ. ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್ ಎಂಬ ಸಂಗ್ರಹದ ಪ್ರಶ್ನೆಗಳನ್ನು ಯಾರು ಬೇಕಾದರೂ ಬಳಸಬಹುದು. ಬಹಿರ್ಮುಖತೆ, ಸೌಹಾರ್ದ, ಶಿಸ್ತು, ಭಾವನೆಗಳ ಸ್ಥಿರತೆ, ಹೊಸತನ್ನು ಸ್ವೀಕರಿಸುವ ಮನಸ್ಸು ಎಂಬ ಐದು ಗುಣಗಳನ್ನು ಅಳೆಯುವ ಪ್ರಶ್ನೆಗಳು ಅಲ್ಲಿವೆ. ಅವನ್ನು ಆಡುಗನ್ನಡಕ್ಕೆ ತಂದು, ವ್ಯಕ್ತಿಯಿಂದಷ್ಟೇ ಅಲ್ಲದೆ ಅವರನ್ನು ಕನಿಷ್ಠ ಒಂದು ವರ್ಷದಿಂದ ಬಲ್ಲ ಒಬ್ಬ ಗೆಳೆಯ ಅಥವಾ ಗೆಳತಿಯಿಂದಲೂ ತುಂಬಿಸಿ. ಹಾಸ್ಟೆಲ್‌ನ ರೂಮ್‌ಮೇಟ್ ಸಿಕ್ಕರೆ ಉತ್ತಮ; ಸಂದರ್ಶನದಲ್ಲಿ ಹೊರಬೀಳದ ಗುಣಗಳು ಅವರಿಗೆ ಗೊತ್ತಿರುತ್ತವೆ. ಇಬ್ಬರ ಉತ್ತರಗಳೂ ಕೂಡುವ ಅಂಶಗಳನ್ನು ಇಟ್ಟುಕೊಂಡು ಪ್ರತಿಯೊಬ್ಬರ ಬಗ್ಗೆ ಎಂಟು ಹತ್ತು ವಾಕ್ಯಗಳ ವಿವರವನ್ನು ಬರೆಯಿರಿ.

ವಾಕ್ಯಗಳು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವಂತಿರಬೇಕು. ‘ಹೊಸಬರೊಡನೆ ಮಾತು ಕಡಿಮೆ, ಪರಿಚಯವಾದ ಮೇಲೆ ತುಂಬ ಮಾತನಾಡುತ್ತಾಳೆ’ ಎಂಬ ವಾಕ್ಯ ಅರ್ಧ ಕಾಲೇಜಿಗೆ ಹೊಂದುತ್ತದೆ, ಅದನ್ನು ಹೊಡೆದುಹಾಕಿ. ‘ತರಗತಿಯಲ್ಲಿ ಕೇಳದೆ ಎದ್ದುನಿಂತು ಮಾತನಾಡಿದ್ದಿಲ್ಲ, ಗುಂಪಿನ ಕೆಲಸದಲ್ಲಿ ವರದಿ ಬರೆಯುತ್ತಾಳೆ, ವೇದಿಕೆಯ ಮೇಲೆ ಓದಲು ಬೇರೆಯವರನ್ನು ಕಳಿಸುತ್ತಾಳೆ’ ಎಂದರೆ ಒಂದು ಮುಖ ಮೂಡುತ್ತದೆ. ‘ಸ್ವಾಭಿಮಾನಿ’ ಎನ್ನುವ ಬದಲು ‘ತಪ್ಪು ತನ್ನದೆಂದು ಗೊತ್ತಿದ್ದಾಗಲೂ ಮೊದಲು ಮಾತನಾಡಿಸುವುದಿಲ್ಲ’ ಎಂದು ಬರೆಯಿರಿ. ಎಲ್ಲ ವಿವರಗಳನ್ನೂ ಒಬ್ಬರೇ ಬರೆದರೆ ಶೈಲಿ ಸಮನಾಗಿರುತ್ತದೆ. ಹಾಗೆ ಬರೆಯುವವರಿಗೆ ಯಾರ ಜನ್ಮವಿವರವೂ ತಿಳಿದಿರಬಾರದು.

ಈಗ ಬಿಡಬಾರದ ಹೆಜ್ಜೆ. ಜ್ಯೋತಿಷಿಗೆ ಕೊಡುವ ಮುಂಚೆ, ಪ್ರತಿ ಜಾತಕದ ಜೊತೆ ಕೊಡಲಿರುವ ಅವವೇ ಮೂರು ವಿವರಗಳನ್ನು (ಸರಿಯಾದದ್ದು ಒಂದು, ಬೇರೆಯವರದು ಎರಡು) ಆಯಾ ವ್ಯಕ್ತಿಯ ಇನ್ನೊಬ್ಬ ಸ್ನೇಹಿತರಿಗೆ, ಎಂದರೆ ಪ್ರಶ್ನಾವಳಿ ತುಂಬಿದವರನ್ನು ಬಿಟ್ಟು ಬೇರೊಬ್ಬರಿಗೆ ಕೊಟ್ಟು, ‘ಇವುಗಳಲ್ಲಿ ನಿಮ್ಮ ಸ್ನೇಹಿತರದು ಯಾವುದು?’ ಎಂದು ಕೇಳಿ. ಜಾತಕದ ಬದಲು ಪರಿಚಯವನ್ನು ಇಟ್ಟುಕೊಂಡು ಮಾಡುವ ಇದೇ ಪರೀಕ್ಷೆ ಇದು. ಪ್ಯಾಥಾಲಜಿ ಲ್ಯಾಬಿನವರು ರೋಗಿಯ ರಕ್ತಕ್ಕೆ ಮುಂಚೆ, ಫಲ ಗೊತ್ತಿರುವ ಮಾದರಿಯನ್ನು ಯಂತ್ರಕ್ಕೆ ಹಾಕಿ ನೋಡುವಂತೆ, ನಿಮ್ಮ ವಿವರಗಳು ಮನುಷ್ಯರನ್ನು ತೋರಿಸಬಲ್ಲವೇ ಎಂದು ಇಲ್ಲಿ ತಿಳಿಯುತ್ತದೆ. ಸ್ನೇಹಿತರು ಗೆಲುವಿನ ಗೆರೆಯನ್ನು (ಅದು ಎಲ್ಲಿ ಎಂಬುದು ಮುಂದೆ ಬರುತ್ತದೆ) ದಾಟಲಾಗದಿದ್ದರೆ ಜ್ಯೋತಿಷಿಯ ಬಳಿಗೆ ಹೋಗಬೇಡಿ. ವಿವರಗಳನ್ನು ತಿದ್ದಿ ಬರೆಯಿರಿ.

ಸೋರಿಕೆ

ಜ್ಯೋತಿಷಿಗೆ ಜಾತಕದ ಹೊರತು ಬೇರೆ ಯಾವ ಸುಳಿವೂ ಸಿಗಬಾರದು. ಹೆಸರನ್ನು ತೆಗೆಯಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ, ಆದರೆ ವಿವರದ ಒಳಗೆ ಅಡ್ಡಹೆಸರು ಉಳಿದರೂ ಸೋರಿಕೆಯೇ. ನಮ್ಮಲ್ಲಿ ನಕ್ಷತ್ರದ ಪಾದಕ್ಕೆ ತಕ್ಕಂತೆ ಹೆಸರಿನ ಮೊದಲ ಅಕ್ಷರವನ್ನು ಇಡುವ ರೂಢಿಯಿದೆ. ಅಶ್ವಿನಿಗೆ ಚು, ಚೆ, ಚೊ, ಲ, ರೋಹಿಣಿಗೆ ಒ, ವ, ವಿ, ವು ಎಂದು ಪಂಚಾಂಗದ ಕೋಷ್ಟಕದಲ್ಲೇ ಇರುತ್ತದೆ. ಅಕ್ಷರ ಬಲ್ಲವರಿಗೆ ಹೆಸರೇ ಅರ್ಧ ಜಾತಕ.

ವಯಸ್ಸು ಇದಕ್ಕಿಂತ ಸೂಕ್ಷ್ಮ. ಹುಟ್ಟಿದ ದಿನಾಂಕವನ್ನು ಮರೆಮಾಡಿದರೂ, ಗುರು ಸುಮಾರು 12 ವರ್ಷಕ್ಕೂ ಶನಿ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಕ್ಕೂ ಒಂದು ಸುತ್ತು ಬರುವುದರಿಂದ, ಕುಂಡಲಿಯಲ್ಲಿ ಆ ಎರಡೂ ಇರುವ ಮನೆಗಳನ್ನು ನೋಡಿ ಹುಟ್ಟಿದ ವರ್ಷವನ್ನು ಅನುಭವಿಗಳು ಕ್ಷಣದಲ್ಲಿ ಹೇಳುತ್ತಾರೆ. ಮೂರು ವಿವರಗಳಲ್ಲಿ ಒಂದು 50 ದಾಟಿದವರದ್ದಾಗಿ, ‘ಮಕ್ಕಳ ಓದಿನ ಚಿಂತೆ’ ಎಂಬ ಮಾತು ಅದರಲ್ಲಿದ್ದರೆ ಜೋಡಣೆ ಮುಗಿದಂತೆಯೇ. ಎಲ್ಲರೂ ಒಂದೇ ವಯೋಮಾನದವರಾಗಿರಬೇಕು, ಒಂದು ಕಟ್ಟಿನ, ಎಂದರೆ ಒಂದು ಜಾತಕದ ಜೊತೆ ಕೊಡುವ ವಿವರಗಳ, ಮೂವರೂ ಒಂದೇ ಲಿಂಗದವರಾಗಿರಬೇಕು ಎಂಬುದು ಈ ಕಾರಣಕ್ಕೆ. ಇದರಿಂದ ಜ್ಯೋತಿಷಿಗೆ ಅನ್ಯಾಯವೇನೂ ಆಗುವುದಿಲ್ಲ. ಒಂದೇ ವರ್ಷ ಹುಟ್ಟಿದ ಎಲ್ಲರಲ್ಲೂ ಶನಿ ಹೆಚ್ಚುಕಡಿಮೆ ಒಂದೇ ಕಡೆ ಇರುವಾಗ, ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಬೇಕಾದದ್ದು ಲಗ್ನ, ಚಂದ್ರ ಮತ್ತು ಭಾವಗಳೇ (ಲಗ್ನದಿಂದ ಎಣಿಸುವ ಮನೆಗಳೇ) ಅಲ್ಲವೇ. ಅವರ ಕಡೆಯಿಂದ ನೋಡಿಕೊಳ್ಳಬೇಕಾದದ್ದೂ ಒಂದಿದೆ: ಒಂದೇ ಜನ್ಮನಕ್ಷತ್ರ ಅಥವಾ ಒಂದೇ ಲಗ್ನದ ಇಬ್ಬರನ್ನು ಒಂದೇ ಕಟ್ಟಿನಲ್ಲಿ ಇಡಬೇಡಿ.

ಕಟ್ಟುಗಳನ್ನು ಹೀಗೆ ಮಾಡಿ. ಪ್ರತಿ ಜಾತಕದ ಜೊತೆ ಸರಿಯಾದ ವಿವರ ಒಂದು, ಈ ನಿಬಂಧನೆಗಳಿಗೆ ಒಳಪಟ್ಟು ಚೀಟಿ ಎತ್ತಿ ಆರಿಸಿದ ಬೇರೆಯವರ ವಿವರ ಎರಡು. ಮೂರಕ್ಕೂ ಅ, ಆ, ಇ ಎಂಬ ಗುರುತು. ಯಾವುದು ಅ, ಯಾವುದು ಆ ಎಂಬುದನ್ನೂ ಚೀಟಿಯೋ ಎಕ್ಸೆಲ್‌ನ ರ‍್ಯಾಂಡಮ್ ಸಂಖ್ಯೆಯೋ ತೀರ್ಮಾನಿಸಲಿ. ಕೈಯಾರೆ ಜೋಡಿಸಿದರೆ ಸರಿಯುತ್ತರ ನಮಗರಿವಿಲ್ಲದೆ ನಡುವಿಗೆ ಸರಿಯುತ್ತದೆ. ಸರಿಯುತ್ತರದ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಜ್ಯೋತಿಷಿಯ ಸಹಿ ಹಾಕಿಸಿ, ಪರೀಕ್ಷೆಗೆ ಸಂಬಂಧವಿಲ್ಲದ ಅಧ್ಯಾಪಕರೊಬ್ಬರ ಬಳಿ ಇಡಿ. ಕಟ್ಟು ಮಾಡಿದವರು ಜ್ಯೋತಿಷಿಯ ಎದುರಿಗೆ ಹೋಗಲೇಬಾರದು. ಕಟ್ಟುಗಳನ್ನು ಒಯ್ಯುವವರಿಗೆ ಉತ್ತರ ಗೊತ್ತಿರಬಾರದು. ಒಂದೊಂದಾಗಿ ಕೊಟ್ಟು, ಉತ್ತರ ಬರೆಸಿಕೊಂಡು, ಆ ಕಟ್ಟನ್ನು ವಾಪಸು ಪಡೆದ ಮೇಲೆಯೇ ಮುಂದಿನದನ್ನು ಕೊಡಿ. ಇಲ್ಲವಾದರೆ, ಬೇರೆ ಬೇರೆ ಕಟ್ಟುಗಳಲ್ಲಿ ಮರಳಿ ಬರುವ ವಿವರಗಳನ್ನು ಹೋಲಿಸಿ ತಳ್ಳಿಹಾಕುತ್ತ ಹೋಗಲು ಅವಕಾಶವಾಗುತ್ತದೆ.

ಎಷ್ಟು ಮಂದಿ, ಗೆರೆ ಎಲ್ಲಿ

60 ಎಂದು ಹೇಳಿದ್ದು ಅಂದಾಜಿನಿಂದಲ್ಲ. ಮೂರರಲ್ಲಿ ಒಂದನ್ನು ಸುಮ್ಮನೆ ಊಹಿಸಿದರೆ 60ಕ್ಕೆ 20 ಸರಿ ಬರುವುದು ಸಹಜ. ಅದೃಷ್ಟದಿಂದಲೇ 27 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ನಾಲ್ಕರ ಆಸುಪಾಸು. ಆದ್ದರಿಂದ ಗೆರೆಯನ್ನು 27ಕ್ಕೆ ಎಳೆಯಿರಿ. ಕಾರ್ಲ್ಸನ್‌ನ ಜ್ಯೋತಿಷಿಗಳು ಹೇಳಿದಂತೆ ಅರ್ಧದಷ್ಟನ್ನು ನಿಜವಾಗಿಯೂ ಗುರುತಿಸಬಲ್ಲವರಾದರೆ, ಅವರು ಈ ಗೆರೆಯನ್ನು ದಾಟುವ ಸಾಧ್ಯತೆ ನೂರಕ್ಕೆ 80ಕ್ಕಿಂತ ಹೆಚ್ಚು. ಬರೀ 30 ಜಾತಕಗಳಲ್ಲಿ ಮಾಡಿದರೆ ಗೆರೆ 15ಕ್ಕೆ ಬರುತ್ತದೆ. ಅದೇ ಸಾಮರ್ಥ್ಯದ ಜ್ಯೋತಿಷಿ ಅದನ್ನು ದಾಟುವ ಸಾಧ್ಯತೆ ನೂರಕ್ಕೆ 57 ಮಾತ್ರ. ನಿಜವಾದ ವಿದ್ಯೆಯಿರುವವರನ್ನೂ ಹತ್ತರಲ್ಲಿ ನಾಲ್ಕು ಸಲ ಬೀಳಿಸುವ ಪರೀಕ್ಷೆ ಅದು. ಹತ್ತು ಜಾತಕಗಳಲ್ಲಿ ಮುಗಿಸುವ ಟಿ.ವಿ. ಕಾರ್ಯಕ್ರಮಗಳ ಬಗ್ಗೆ ಹೇಳುವುದೇ ಬೇಡ.

ಹಲವು ಜ್ಯೋತಿಷಿಗಳು ಒಪ್ಪಿದರೆ ಸಂತೋಷ, ಆದರೆ ಆಗ ಅತಿ ಹೆಚ್ಚು ಅಂಕ ಪಡೆದವರ ಕಡೆಗೆ ಬೆರಳು ತೋರಿಸುವ ಆಸೆಯನ್ನು ಹತ್ತಿಕ್ಕಬೇಕು. ಜಯಂತ ನಾರ್ಳೀಕರ್, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ನರೇಂದ್ರ ದಾಭೋಲ್ಕರ್ ಮತ್ತು ಪ್ರಕಾಶ್ ಘಾಟ್‌ಪಾಂಡೆ ಪುಣೆಯಲ್ಲಿ ನಡೆಸಿ 2009ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಪ್ರಶ್ನೆ ಸ್ವಭಾವದ್ದಲ್ಲ, ಬುದ್ಧಿಶಕ್ತಿಯದ್ದು: ಚುರುಕಾದ 100 ಮಕ್ಕಳ ಮತ್ತು ಬುದ್ಧಿಮಾಂದ್ಯತೆಯಿದ್ದ 100 ಮಕ್ಕಳ ಜಾತಕಗಳಿಂದ ಆಯ್ದ 40ನ್ನು ಪ್ರತಿ ಜ್ಯೋತಿಷಿಗೂ ಕಳಿಸಿ, ಯಾವುದು ಯಾರದ್ದೆಂದು ಕೇಳಿದ್ದರು. 51 ಮಂದಿ ಜಾತಕಗಳನ್ನು ತರಿಸಿಕೊಂಡರೂ ಉತ್ತರ ಕಳಿಸಿದವರು 27. ಅತಿ ಹೆಚ್ಚು ಅಂಕ 24, ಸರಾಸರಿ 17.25. 40ಕ್ಕೆ 24 ಎಂದರೆ ಶೇಕಡಾ 60, ಪ್ರಥಮ ದರ್ಜೆ. ಆದರೆ 27 ಮಂದಿ ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಮೂರು ನಾಲ್ಕು ಮಂದಿಗೆ ಅಷ್ಟು ಬಂದಿರುತ್ತಿತ್ತು. ಸರಾಸರಿ 20ಕ್ಕಿಂತ ಕೆಳಗಿರುವುದನ್ನು ಕಂಡು ‘ಜ್ಯೋತಿಷಿಗಳು ಹೇಳಿದ್ದಕ್ಕೆ ವಿರುದ್ಧವೇ ನಿಜ’ ಎಂದು ನಗುವುದೂ ಸಲ್ಲದು. 200 ಜಾತಕಗಳೇ 27 ಮಂದಿಯ ನಡುವೆ ಮರಳಿ ಮರಳಿ ಹಂಚಿಹೋದಾಗ, ಒಂದೇ ನಿಯಮಗಳಿಂದ ಓದುವವರ ತಪ್ಪುಗಳು ಒಟ್ಟಿಗೆ ಬೀಳುತ್ತವೆ. 200 ಜಾತಕಗಳನ್ನೂ ನೋಡಿದ ಒಂದು ಸಂಸ್ಥೆಗೆ ಸರಿ ಬಂದದ್ದು 102.

ಫಲಿತಾಂಶ ಕೈಗೆ ಬಂದ ಮೇಲೆ ಹೊಸ ಲೆಕ್ಕಗಳನ್ನು ಹುಡುಕಬೇಡಿ. ‘ಹುಡುಗಿಯರ ಜಾತಕಗಳಲ್ಲಿ ಮಾತ್ರ ನೋಡಿದರೆ’, ‘ರೋಹಿಣಿಯವರನ್ನು ಮಾತ್ರ ತೆಗೆದುಕೊಂಡರೆ’ ಎಂದು ಹೊರಟರೆ ಏನಾದರೊಂದು ಸಿಕ್ಕೇ ಸಿಗುತ್ತದೆ: 27 ನಕ್ಷತ್ರಗಳನ್ನು ಐದು ಗುಣಗಳಿಗೆ ಹೋಲಿಸಿದರೆ 135 ಹೋಲಿಕೆಗಳಾಗುತ್ತವೆ, ನೂರಕ್ಕೆ ಐದರ ಅಳತೆಗೋಲಿನಲ್ಲಿ ಅವುಗಳಲ್ಲಿ ಆರೇಳು ಸುಮ್ಮನೆ ‘ಗೆಲ್ಲುತ್ತವೆ’. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಕೋಟಿಗೂ ಹೆಚ್ಚು ಜನರ ಆಸ್ಪತ್ರೆ ದಾಖಲೆಗಳಲ್ಲಿ ಪೀಟರ್ ಆಸ್ಟಿನ್ ಮತ್ತು ಸಂಗಡಿಗರು 2006ರಲ್ಲಿ ಬೇಕೆಂದೇ ಹೀಗೆ ಹುಡುಕಿ, ಸಿಂಹ ರಾಶಿಯವರಿಗೆ ಜೀರ್ಣಾಂಗದ ರಕ್ತಸ್ರಾವ, ಧನು ರಾಶಿಯವರಿಗೆ ತೋಳಿನ ಮೂಳೆಮುರಿತ ಹೆಚ್ಚು ಎಂದು ಕಂಡುಕೊಂಡರು. ಹೋಲಿಕೆಗಳ ಸಂಖ್ಯೆಗೆ ತಕ್ಕಂತೆ ಲೆಕ್ಕವನ್ನು ಸರಿಪಡಿಸಿದಾಗ ಎರಡೂ ಬಿದ್ದುಹೋದವು. ಇಂಥ ಹುಡುಕಾಟ ಎರಡೂ ಪಕ್ಷಗಳನ್ನು ಕಾಡುತ್ತದೆ. ಕಾರ್ಲ್ಸನ್‌ನ ಅಂಕಿಗಳನ್ನೇ 2009ರಲ್ಲಿ ಮತ್ತೆ ಲೆಕ್ಕಹಾಕಿದ ಜರ್ಮನಿಯ ಮನೋವಿಜ್ಞಾನಿ ಸುಯಿಟ್‌ಬರ್ಟ್ ಎರ್ಟೆಲ್ ಅವು ಜ್ಯೋತಿಷಿಗಳ ಕಡೆಗೇ ತುಸು ವಾಲುತ್ತವೆ ಎಂದು ವಾದಿಸಿದ. ಯಾವ ಲೆಕ್ಕ ಹಾಕಬೇಕೆಂಬುದು ಮೊದಲೇ ನಿಮ್ಮ ಒಪ್ಪಂದದ ಹಾಳೆಯಲ್ಲಿ ಇದ್ದರೆ ಈ ಜಗಳಕ್ಕೆ ಜಾಗವೇ ಇರುವುದಿಲ್ಲ.

ಲಕೋಟೆ ಒಡೆದ ಮೇಲೆ

ಜ್ಯೋತಿಷಿಯ ಎದುರಿನಲ್ಲೇ ಲಕೋಟೆಯನ್ನು ಒಡೆದು, 60 ಉತ್ತರಗಳನ್ನೂ ಸಾಲಾಗಿ ಓದಿ ಎಣಿಸಿ. 27ಕ್ಕಿಂತ ಕಡಿಮೆ ಬಂದು, ಸ್ನೇಹಿತರ ಅಂಕ ಅದಕ್ಕಿಂತ ಸಾಕಷ್ಟು ಮೇಲಿದ್ದರೆ, ನೀವು ಬರೆಯಬಹುದಾದದ್ದು ಇಷ್ಟು: ಗೆಳೆತನದಿಂದ ಗುರುತಿಸಬಹುದಾಗಿದ್ದ ಸ್ವಭಾವವನ್ನು, ಈ ಜ್ಯೋತಿಷಿ, ತಾವೇ ಒಪ್ಪಿದ ವಿಧಾನದಲ್ಲಿ, ಜಾತಕದಿಂದ ಗುರುತಿಸಲಿಲ್ಲ. ಇಡೀ ಜ್ಯೋತಿಷ್ಯದ ಮೇಲೆ ತೀರ್ಪು ಕೊಡುವ ಅಧಿಕಾರ ನಿಮ್ಮ ಒಂದು ಪರೀಕ್ಷೆಗಿಲ್ಲ. ಕಾರ್ಲ್ಸನ್‌ನದು, ಪುಣೆಯದು, ಹುಟ್ಟಿದ ದಿನಾಂಕಕ್ಕೂ ವ್ಯಕ್ತಿತ್ವಕ್ಕೂ ನಂಟು ಕಾಣದೆ ಪೀಟರ್ ಹಾರ್ಟ್‌ಮನ್ ತಂಡ 2006ರಲ್ಲಿ ಪ್ರಕಟಿಸಿದ ಸಾವಿರಾರು ಜನರ ಅಧ್ಯಯನ, ಇವೆಲ್ಲ ಸೇರಿ ಹೇಳುವುದು ಬೇರೆ ಮಾತು; ಅವುಗಳ ಸಾಲಿಗೆ ನಿಮ್ಮದೂ ಒಂದು ಸಣ್ಣ ಸೇರ್ಪಡೆ.

27 ಅಥವಾ ಹೆಚ್ಚು ಬಂದರೆ ಪತ್ರಿಕೆಗಳಿಗೆ ಫೋನು ಮಾಡುವ ಮುಂಚೆ ಬೇರೊಂದು ಕಾಲೇಜಿನವರಿಂದ, ಹೊಸ 60 ಮಂದಿಯ ಮೇಲೆ, ಅದೇ ಒಪ್ಪಂದದಲ್ಲಿ ಮತ್ತೊಮ್ಮೆ ಮಾಡಿಸಿ. ಎರಡೂ ಸಲ ಬರೀ ಅದೃಷ್ಟದಿಂದ ಗೆರೆ ದಾಟುವ ಸಾಧ್ಯತೆ ಸಾವಿರಕ್ಕೆ ಒಂದೆರಡು ಮಾತ್ರ. ಮೊದಲ ತಂಡಕ್ಕೆ ಕಾಣದೆ ಉಳಿದ ಸೋರಿಕೆ ಏನಾದರೂ ಇದ್ದರೆ, ಅದನ್ನು ಹೊಸ ಕಣ್ಣುಗಳು ಬೇಗ ಪತ್ತೆ ಮಾಡುತ್ತವೆ.

ಪಾಲ್ಗೊಂಡವರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆದಿರಬೇಕು, 18 ತುಂಬದವರನ್ನು ಸೇರಿಸಿಕೊಳ್ಳಬಾರದು. ಜನ್ಮವೇಳೆ, ಸ್ಥಳ, ಸ್ವಭಾವ ವಿವರ ಮೂರೂ ಒಂದೆಡೆ ಸಿಕ್ಕರೆ ಹೆಸರಿಲ್ಲದಿದ್ದರೂ ಯಾರೆಂದು ತಿಳಿಯುತ್ತದೆ. ಆದ್ದರಿಂದ ಎಣಿಕೆ ಮುಗಿದ ಮೇಲೆ ಹೆಸರಿನ ಪಟ್ಟಿಯನ್ನು ನಾಶಮಾಡಿ, ಪ್ರಕಟಿಸುವಾಗ ಕ್ರಮಸಂಖ್ಯೆ ಮತ್ತು ಉತ್ತರಗಳನ್ನಷ್ಟೇ ಕೊಡಿ. ಪರೀಕ್ಷೆಯ ನಡುವೆ ಜ್ಯೋತಿಷಿ ಯಾರದಾದರೂ ಜಾತಕದಲ್ಲಿ ಆರೋಗ್ಯದ ಅಥವಾ ಮದುವೆಯ ದೋಷವನ್ನು ಹೇಳಿದರೆ, ಆ ಮಾತನ್ನು ಆ ವಿದ್ಯಾರ್ಥಿಗೆ ಮುಟ್ಟಿಸಬಾರದು ಎಂಬುದನ್ನು ಕಟ್ಟು ಒಯ್ಯುವವರಿಗೆ ಮುಂಚಿತವಾಗಿ ಹೇಳಿರಿ. ವರದಿಯ ಕರಡನ್ನು ಮೊದಲು ಜ್ಯೋತಿಷಿಗೇ ಕಳಿಸಿ, ಹೆಸರು ಹಾಕಬೇಕೇ ಬೇಡವೇ ಎಂಬುದನ್ನು ಅವರಿಗೆ ಬಿಟ್ಟು, ಅವರು ಬರೆದುಕೊಡುವ ಪ್ರತಿಕ್ರಿಯೆಯನ್ನು ಒಂದಕ್ಷರವೂ ತಿದ್ದದೆ ಅದೇ ವರದಿಯಲ್ಲಿ ಅಚ್ಚುಹಾಕಿ.